ಎಡಿಟರಿನಲ್ಲಿ ನಿಂತ ಪಾಯಿಂಟ್ಸ್‌ಮ್ಯಾನ್ ಓಪನ್ ರೈಲ್ಸ್‌ನಲ್ಲಿ ಮಾಯ!

ಗೇಜ್‌ಗಿರಾಕಿ, ಮಂಗಳೂರು:
ಓಪನ್ ರೈಲ್ಸ್ ಅನ್ನುವ ರೈಲು ಓಡಿಸುವ ಕಂಪ್ಯೂಟರ್ ಆಟಕ್ಕೆ ಮಂಗಳೂರು–ಹಾಸನ ಲೈನನ್ನು ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್) ಕಾಲದ ಹಾಗೆ ಮಾಡುತ್ತಿದ್ದೇನೆ, 1979ರ ನಂತರದ್ದು. ಸದ್ಯ ಕಬಕ ಪುತ್ತೂರಿನವರೆಗೆ ಬಂದಿದೆ. ಟೋಕನ್ (ಮುಂದಿನ ಸ್ಟೇಷನ್ನಿನವರೆಗೆ ಹೋಗಲು ಡ್ರೈವರನಿಗೆ ಕೊಡುವ ಅನುಮತಿಯ ಗುರುತು) ಕೊಡಲು ಒಬ್ಬ, ತೆಗೆದುಕೊಳ್ಳಲು ಒಬ್ಬ, ಹೀಗೆ ಸ್ಟೇಷನ್ ಕೆಲಸದ ಪಾಯಿಂಟ್ಸ್‌ಮ್ಯಾನ್‌ಗಳ ಎರಡು ಗೊಂಬೆ ಇಟ್ಟೆ. ಲೈನ್ ಕಟ್ಟುವ ಟಿಎಸ್‌ಆರ್‌ಇ ಎಡಿಟರಿನಲ್ಲಿ ಚಂದ ಕಾಣುತ್ತಾರೆ. ಓಪನ್ ರೈಲ್ಸ್‌ನಲ್ಲಿ ಗಾಡಿ ಓಡಿಸಿದರೆ ಪ್ಲಾಟ್‌ಫಾರ್ಮ್ ಖಾಲಿ! ಶೇಪ್ ಫೈಲು (ಗೊಂಬೆಯ ಆಕಾರ), ಏಸ್ ಫೈಲು (ಅದರ ಮೇಲಿನ ಬಣ್ಣದ ಚಿತ್ರ) ಎರಡೂ ಅವುಗಳ ಫೋಲ್ಡರಿನಲ್ಲೇ ಇವೆ. ಆಟ ತಪ್ಪುಗಳನ್ನು ಬರೆದಿಡುವ ಲಾಗ್‌ನಲ್ಲಿ ಒಂದು ತಕರಾರೂ ಇಲ್ಲ. ಎಂತ ಮಾಡುವುದು ಮಾರಾಯ್ರೆ?

ಉಡುಪಿ ಡೀಸೆಲ್:
ಲಾಗ್ ಸುಮ್ಮನಿದೆ ಅಂದರೆ ಫೈಲು ಸಿಕ್ಕಿದೆ ಅಂತಲೇ ಅರ್ಥ. ಯಾವ ವಸ್ತು ಎಲ್ಲಿದೆ ಎಂದು ಬರೆದಿರುವ ವರ್ಲ್ಡ್ ಫೈಲಿನಲ್ಲಿ ಆ ಗೊಂಬೆಯ ಸ್ಟಾಟಿಕ್ ಡಿಟೇಲ್ ಲೆವೆಲ್ ಎಷ್ಟುಂಟು ನೋಡಿ. ಆಪ್ಷನ್ಸ್‌ನಲ್ಲಿ ವರ್ಲ್ಡ್ ಆಬ್ಜೆಕ್ಟ್ ಡೆನ್ಸಿಟಿ ಎಷ್ಟು?

ಗೇಜ್‌ಗಿರಾಕಿ:
ಗೊಂಬೆಯದ್ದು 8, ಡೆನ್ಸಿಟಿ 5. ಲ್ಯಾಪ್‌ಟಾಪ್ ಹಳೆಯದು, ಗಾಡಿ ಎಳೆದೆಳೆದು ಹೋಗುತ್ತಿತ್ತು. ಹಾಗಾಗಿ ಇಳಿಸಿದ್ದೆ.

ಉಡುಪಿ ಡೀಸೆಲ್:
ಅಲ್ಲೇ ಉಂಟು ನೋಡಿ. ಡೆನ್ಸಿಟಿಗಿಂತ ಮೇಲಿನ ಲೆವೆಲ್ ಇರುವುದನ್ನು ಓಪನ್ ರೈಲ್ಸ್ ತೋರಿಸುವುದೇ ಇಲ್ಲ. ನಾವು ಮುಟ್ಟದಿದ್ದರೆ ಡೆನ್ಸಿಟಿ 49 ಇರುತ್ತದೆ, ಆಗ ಎಲ್ಲವೂ ಕಾಣುತ್ತದೆ. ಆದರೆ ನೀವು ಅದನ್ನು ಏರಿಸಬೇಡಿ, ಗೊಂಬೆಯ ಲೆವೆಲನ್ನೇ 0 ಮಾಡಿ. ನಾಳೆ ನಿಮ್ಮ ಲೈನ್ ಓಡಿಸುವವರದ್ದೂ ಹಳೆಯ ಕಂಪ್ಯೂಟರೇ ಇರಬಹುದು, ಅಲ್ವಾ?

ಬೆತ್ತದಬಳೆ:
ನನ್ನ ಅಪ್ಪ ಪಾಯಿಂಟ್ಸ್‌ಮ್ಯಾನ್ ಆಗಿದ್ದವರು, ಹಾಗಾಗಿ ಎರಡು ಮಾತು. ನಿಲ್ಲದೆ ಹೋಗುವ ಗಾಡಿಯಿಂದ ಹಳೆಯ ಟೋಕನನ್ನು ಯಾರೂ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಎಂಜಿನ್ನಿನಿಂದ ಟೋಕನ್ ಕಟ್ಟಿದ ದೊಡ್ಡ ಬಳೆಯನ್ನು ಪ್ಲಾಟ್‌ಫಾರ್ಮಿಗೆ ಎಸೆಯುತ್ತಿದ್ದರು. ಅದು ಉರುಳಿ ಪೊದೆಗೆ ಹೋದರೆ ಹುಡುಕುವ ಕೆಲಸ ಅಪ್ಪನದ್ದು! ಹಾಗಾಗಿ ಕೈ ಚಾಚಿ ನಿಂತ ಆ ಎರಡನೇ ಗೊಂಬೆಯನ್ನು ತೆಗೆದುಬಿಡಿ. ಕೊಡುವವನು ಮಾತ್ರ ಗಾಡಿಗೆ ಮುಖ ಮಾಡಿ, ಎಂಜಿನ್ನಿನಿಂದ ಚಾಚಿದ ಕೈ ತೂರುವ ಹಾಗೆ ಬಳೆಯನ್ನು ಎತ್ತಿ ಹಿಡಿಯಬೇಕು. ಬಳೆ ದೊಡ್ಡದಿರುವುದೇ ಅದಕ್ಕೆ. ಕೆಳಗೆ ಚರ್ಮದ ಚೀಲ ಕಟ್ಟಿ, ಟೋಕನ್ ಇರುವುದು ಅದರೊಳಗೆ. ಮತ್ತೆ, ಬರೀ ಹಾಲ್ಟ್ ಇರುವಲ್ಲಿ ಗೊಂಬೆ ಇಡಬೇಡಿ. ಟೋಕನ್ ಬದಲಾಗುವುದು ಒಂದು ಬ್ಲಾಕ್ (ಒಂದು ಸಲಕ್ಕೆ ಒಂದೇ ಗಾಡಿ ಇರಬಹುದಾದ ಹಳಿಯ ತುಂಡು) ಮುಗಿದು ಇನ್ನೊಂದು ಶುರುವಾಗುವ ಸ್ಟೇಷನ್ನಿನಲ್ಲಿ.

ಗೇಜ್‌ಗಿರಾಕಿ:
ಲೆವೆಲ್ 0 ಮಾಡಿದೆ, ಬಂದ! ಆದರೆ ಮೊಣಕಾಲಿನವರೆಗೆ ಪ್ಲಾಟ್‌ಫಾರ್ಮಿನೊಳಗೆ ಹೂತಿದ್ದಾನೆ. ಗಾಡಿ ಇಲ್ಲದಾಗಲೂ ಬಳೆ ಎತ್ತಿಕೊಂಡೇ ನಿಂತಿರುತ್ತಾನೆ, ಪಾಪ.

ಉಡುಪಿ ಡೀಸೆಲ್:
ಹೂತದ್ದು ಸುಲಭ. ಎಡಿಟರ್ ಅವನನ್ನು ನೆಲಕ್ಕೆ ಅಂಟಿಸಿದೆ, ಪ್ಲಾಟ್‌ಫಾರ್ಮಿನ ಎತ್ತರಕ್ಕೆ ಏರಿಸಿ. ಕೈ ಇಳಿಸಬೇಕಾದರೆ ಅವನನ್ನು ಸಿಗ್ನಲ್ ಮಾಡಬೇಕು. ತಮಾಷೆಯಲ್ಲ! ತೋಳು ಏರಿಳಿಯುವ ಸೆಮಾಫೋರ್ ಸಿಗ್ನಲ್ಲಿನ ತೋಳಿನ ಜಾಗದಲ್ಲಿ ಅವನ ಕೈ. ಸಿಗ್ನಲ್ ಬಗೆ ಇನ್ಫೋ ಅಂತ ಕೊಡಿ, ಗಾಡಿಯನ್ನು ತಡೆಯುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಎನೇಬಲ್ಡ್ ಆದಾಗ, ಅಂದರೆ ಗಾಡಿ ಆ ಸಿಗ್ನಲ್ಲಿನತ್ತ ಬರುವಾಗ ಕೈ ಮೇಲೆ, ಇಲ್ಲದಿದ್ದರೆ ಕೆಳಗೆ. ಒಂದು ಭಾನುವಾರದ ಕೆಲಸ.

ಗೇಜ್‌ಗಿರಾಕಿ:
ಎತ್ತರ ಸರಿಯಾಯಿತು. ಕೈ ಇಳಿಸುವುದು ಈ ಭಾನುವಾರ. ಬೆತ್ತದಬಳೆಯವರೇ, ಅಪ್ಪ ಡ್ಯೂಟಿಗೆ ಯಾವ ಬಣ್ಣದ ಅಂಗಿ ಹಾಕುತ್ತಿದ್ದರು?