ಎರಿ ಮಣ್ಣಿನ ಹಿತ್ತಲು: ಬೀಜ ಯಾವಾಗ ಊರಬೇಕು?

ಕೇಳಿದವರು, ಗದಗ ಹತ್ತಿರದ ಹಳ್ಳಿಯಿಂದ:
ಮನೆ ಹಿಂದೆ ಎರಡು ಗುಂಟೆ ಎರಿ, ಅಂದರೆ ಕಪ್ಪು ಮಣ್ಣಿನ ಜಾಗ ಇದೆ. ಹೋದ ವರ್ಷ ರೋಹಿಣಿ ಮಳೆ ಬಿದ್ದ ಮರುದಿನವೇ ಹೀರೆ, ಸವತೆ, ಬೆಂಡೆ ಎಲ್ಲಾ ಹಾಕಿದೆ. ಅರ್ಧ ಬೀಜ ಕೊಳೆತವು. ಹುಟ್ಟಿದವು ಒಣಗಿದವು. ಈ ಸಲ ಯಾವಾಗ ಹಾಕಲಿ? ಅನುಭವ ಇದ್ದವರು ಹೇಳಿ.

ರೋಣದ ಕಡೆಯಿಂದ:
ಅಕ್ಕಾರ, ನಾನೂ ಎರಡು ವರ್ಷ ಹಿಂಗೇ ಬೀಜದ ರೊಕ್ಕ ಕಳಕೊಂಡವನು. ಬೇಸಿಗೆಯಲ್ಲಿ ಎರಿ ಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಯ ನೀರೆಲ್ಲ ಆ ಬಿರುಕಿಗೇ ಇಳಿಯುತ್ತದೆ. ಮೇಲೆ ಹಸಿ ಕಾಣುತ್ತದೆ, ಆದರೆ ಬೀಜ ಕೂರುವ ಜಾಗ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಮತ್ತೆ ಒಣ. ಮಳೆ ಜೋರಾದರೆ ಬಿರುಕು ಮುಚ್ಚಿ ನೀರು ಅಲ್ಲೇ ನಿಲ್ಲುತ್ತದೆ. ಎರಡೂ ಕಡೆಯಿಂದ ಪೆಟ್ಟು.

ಈಗ ನಾನು ಪಂಚಾಂಗಕ್ಕಿಂತ ಮುಷ್ಟಿಯನ್ನೇ ಜಾಸ್ತಿ ನಂಬುತ್ತೇನೆ. ಮಳೆ ನಿಂತು ಎರಡು ಮೂರು ದಿನ ಬಿಟ್ಟು, ಗೇಣು ಕೆಳಗಿನ ಮಣ್ಣು ತೆಗೆದು ಹಿಡಿಯಿರಿ. ಬೆರಳಿಗೆ ಮೆತ್ತಿದರೆ ಇನ್ನೂ ಹಸಿ. ಉಂಡೆಯೇ ಆಗದೆ ಉದುರಿದರೆ ಒಣ. ಉಂಡೆಯಾಗಬೇಕು, ಹೆಬ್ಬೆರಳಿಂದ ಒತ್ತಿದರೆ ಪುಡಿಯಾಗಬೇಕು. ಅದು ಹದ. ಚಪ್ಪಲಿಗೆ ಮಣ್ಣು ಮೆತ್ತಿ ನೀವೇ ಎರಡು ಇಂಚು ಎತ್ತರ ಆದರೆ ಅವತ್ತು ಹಿತ್ತಲಿಗೆ ಇಳಿಯಲೇಬೇಡಿ. ತುಳಿದ ಜಾಗ ಒಣಗಿದ ಮೇಲೆ ಹೆಂಚಾಗುತ್ತದೆ.

ಇನ್ನೊಂದು, ಸಪಾಟು ನೆಲದಲ್ಲಿ ಹಾಕಬೇಡಿ. ಗೇಣೆತ್ತರ ಮಡಿ ಏರಿಸಿ, ನಡುವೆ ನೀರು ಹೋಗಲು ಕಾಲುವೆ ಬಿಡಿ. ಕೊಟ್ಟಿಗೆ ಗೊಬ್ಬರ ಧಾರಾಳ ಇರಲಿ.

ನವಲಗುಂದದಿಂದ:
ಉಸುಕು ಮಾತ್ರ ಹಾಕಬೇಡ್ರಿ! ಯಾರೋ ಹೇಳಿದರು ಅಂತ ನಾಲ್ಕು ಬುಟ್ಟಿ ಕಲಸಿದೆ, ಇಟ್ಟಂಗಿ ಆಯ್ತು.

ಧಾರವಾಡದಿಂದ:
ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣು. ನೀರು ಬೇಗ ಬಸಿಯುತ್ತದೆ. ನಾವು ಮಿರಗದಲ್ಲೇ, ಅಂದರೆ ಜೂನ್ ಎರಡನೇ ವಾರಕ್ಕೇ ಹಾಕುತ್ತೇವೆ, ಏನೂ ಆಗುವುದಿಲ್ಲ. ನಮ್ಮನ್ನು ನೋಡಿ ಎರಿಯವರು ಅವಸರ ಮಾಡಬಾರದು. ನಾನು ಹಕ್ಕಿಗಳನ್ನೂ ನೋಡುತ್ತೇನೆ. ತಲೆಗೆ ಜುಟ್ಟಿರುವ ಕಪ್ಪು ಬಿಳಿ ಚಾತಕ ಮುಂಗಾರಿನ ಜೊತೆಗೇ ಬರುತ್ತದೆ, ಆದರೆ ಅದು ಬಂತು ಅಂತ ಬಿತ್ತಲು ಹೋಗಬೇಡಿ. ಬಾವಿ ಮೇಲಿನ ಜಾಲಿ ಗಿಡದಲ್ಲಿ ಗೀಜಗ ಗೂಡು ಹೆಣೆಯಲು ಶುರು ಮಾಡಿದರೆ ಮಳೆ ಕಾಲೂರಿದೆ ಅಂತ ಲೆಕ್ಕ. ಹುಲ್ಲು ಉದ್ದ ಬೆಳೆಯದೆ ಅದಕ್ಕೆ ಹೆಣೆಯಲು ಎಳೆ ಎಲ್ಲಿಂದ ಸಿಗಬೇಕು, ಅಲ್ವಾ?

ಬ್ಯಾಡಗಿ ಹತ್ತಿರದಿಂದ:
ಮೆಣಸಿನ ಸಸಿ ಹಾಕುವವರಿದ್ದರೆ ಒಂದು ಮಾತು. ಮೂಲೆಯಲ್ಲೊಂದು ಸಣ್ಣ ಮಡಿಯಲ್ಲಿ ಅಗಿ ಹಾಕಿ, ಅಂದರೆ ಸಸಿಗೆಂದು ಬೀಜ ಚೆಲ್ಲಿ, ಸುಮಾರು 40 ದಿನಕ್ಕೆ ಕಿತ್ತು ನೆಡಲು ಬರುತ್ತದೆ. ಅಷ್ಟರಲ್ಲಿ ನೆಲವೂ ಹದಕ್ಕೆ ಬಂದಿರುತ್ತದೆ. ಈಗ ಬೇವಿನ ಹಣ್ಣು ಉದುರುವ ಕಾಲ, ಆರಿಸಿ ತೊಳೆದು ನೆರಳಲ್ಲಿ ಒಣಗಿಸಿಡಿ. ಮುಂದೆ ಎಲೆ ಮುರುಟಲು ಶುರುವಾದರೆ 50 ಗ್ರಾಂ ಬೇವಿನ ಬೀಜದ ಪುಡಿ ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆ ಹೊತ್ತು ಸಿಂಪಡಿಸಿ. ಸೋಸುವಾಗ ಹಳೇ ಪಂಚೆ ಬಳಸಿ. ನಾನು ಮನೆಯವರ ಒಳ್ಳೇ ಪಂಚೆ ತೆಗೆದುಕೊಂಡು ಬೈಸಿಕೊಂಡಿದ್ದೇನೆ.

ಕೇಳಿದವರು:
ಸೊಪ್ಪು ಯಾವಾಗ ಹಾಕಲಿ?

ರೋಣದ ಕಡೆಯಿಂದ:
ಪುಂಡಿಪಲ್ಯ, ರಾಜಗಿರಿ ಈಗಲೇ ಮಡಿ ಮೇಲೆ ಚೆಲ್ಲಿ. ಮೆಂತೆ, ಕೊತ್ತಂಬರಿ, ಮೂಲಂಗಿಗೆ ಹಿಂಗಾರಿನ ತನಕ ತಡೆಯಿರಿ. ಎರಿಗೆ ಅದೇ ನಿಜವಾದ ಕಾಲ. ಉತ್ತರಿ, ಹಸ್ತ ಮಳೆಯ ಹಸಿ ಹಿಡಿದುಕೊಂಡೇ ಜೋಳ, ಕಡಲೆ ಬರುತ್ತವೆ. ಹಿತ್ತಲಿಗೂ ಅದೇ ಲೆಕ್ಕ. ಮುಂಗಾರಿನಲ್ಲಿ ಅರ್ಧ ಜಾಗ ಖಾಲಿ ಬಿಟ್ಟರೂ ನಷ್ಟ ಇಲ್ಲ ಅಂತ ನನ್ನ ಅಭಿಪ್ರಾಯ.

ಕೇಳಿದವರು:
ಇವತ್ತು ಬೆಳಿಗ್ಗೆ ಮುಷ್ಟಿಯಲ್ಲಿ ಹಿಡಿದು ನೋಡಿದೆ ಅಣ್ಣಾರ. ಇನ್ನೂ ಬೆರಳಿಗೆ ಮೆತ್ತುತ್ತಿದೆ. ಬೀಜದ ಡಬ್ಬಿ ವಾಪಸ್ ಅಟ್ಟಕ್ಕೆ ಇಟ್ಟೆ. ಮಡಿ ಏರಿಸಲು ನಾಳೆಯೋ ನಾಡಿದ್ದೋ ಶುರು ಮಾಡುತ್ತೇನೆ.