ಹೊಸ ಶಾಲೆಯ ನಕ್ಷೆ ಬಂದಿದೆ, ಸಮಿತಿಯಲ್ಲಿ ಏನು ಕೇಳಬೇಕು?

ಲೆಕ್ಕದ ಮೇಷ್ಟ್ರು:
ನಮ್ಮ ಶಾಲೆ ಹೊಸ ಜಾಗಕ್ಕೆ ಹೋಗುತ್ತಿದೆ. ಕಟ್ಟಡ ಸಮಿತಿಯಲ್ಲಿ ನನ್ನನ್ನೂ ಸೇರಿಸಿದ್ದಾರೆ, ಆದರೆ ಕಟ್ಟುವ ವಿಷಯ ನನಗೆ ಏನೂ ಗೊತ್ತಿಲ್ಲ. ಆರ್ಕಿಟೆಕ್ಟ್ ತಂದ ಮೊದಲ ನಕ್ಷೆಯಲ್ಲಿ ನಡುವೆ ಉದ್ದದ ಕಾರಿಡಾರ್, ಎರಡೂ ಕಡೆ ಕ್ಲಾಸ್‌ರೂಮ್, ಮುಂದೆ ಗಾಜಿನ ದೊಡ್ಡ ಹಾಲ್, ಒಂದು ಕಾರಂಜಿ. ಎಲ್ಲರೂ ಚೆನ್ನಾಗಿದೆ ಅಂತ ತಲೆಯಾಡಿಸಿದರು. ನನಗೆ ಯಾಕೋ ಸರಿ ಬರಲಿಲ್ಲ. ಈಗಿರುವ ಹಳೇ ಕಟ್ಟಡ ನೋಡಲು ಏನೂ ಚೆಂದ ಇಲ್ಲ, ಆದರೆ ಸ್ಟಾಫ್‌ರೂಮ್ ಪಕ್ಕದ ನಾಲ್ಕು ಮೆಟ್ಟಿಲ ಮೇಲೆ ಕೊನೇ ಗಂಟೆ ಹೊಡೆದ ಮೇಲೂ ಮಕ್ಕಳು ಕೂತೇ ಇರುತ್ತಾರೆ, ಹೊಸ ನಕ್ಷೆಯಲ್ಲಿ ಅಂಥ ಮೆಟ್ಟಿಲು ಎಲ್ಲಿದೆ ಅಂತ ಹುಡುಕಿದೆ, ಸಿಗಲಿಲ್ಲ. ನಾನು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೇನಾ?

ಕರಣೆ:
ಇಲ್ಲ ಮೇಷ್ಟ್ರೇ, ಉತ್ತರ ನೀವೇ ಹೇಳಿಬಿಟ್ಟಿರಿ. ನಾನು ಕಟ್ಟಡ ವಿನ್ಯಾಸದವನು. ಕ್ಲಾಸ್‌ರೂಮ್ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಕ್ಲಾಸ್‌ರೂಮಿನಿಂದ ಹೊರಗೆ ಬಂದ ಹುಡುಗ ಎಲ್ಲಿ ನಿಲ್ಲುತ್ತಾನೆ ಅಂತ ಯಾರೂ ಕೇಳುವುದಿಲ್ಲ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹರ್ಮನ್ ಹರ್ಟ್ಸ್‌ಬರ್ಗರ್ ಎಂಬ ಆರ್ಕಿಟೆಕ್ಟ್ 1960ರ ದಶಕದಲ್ಲಿ ಒಂದು ಮಾಂಟೆಸ್ಸರಿ ಶಾಲೆ ಕಟ್ಟಿದರು. ಅದರ ಹಾಲ್ ನಡುವೆ ಇಟ್ಟಿಗೆಯ ಒಂದು ಗಟ್ಟಿ ಕಟ್ಟೆ ಇದೆ. ಸರಿಸೋಕಾಗಲ್ಲ, ಓಡಾಡುವವರಿಗೆ ಅಡ್ಡ. ಆದರೆ ಹಾಗೆ ಅಡ್ಡ ಇರುವುದರಿಂದಲೇ ಮಕ್ಕಳು ಅದರ ಮೇಲೆ ಕೂರುತ್ತಾರೆ, ಕುಣಿಯುತ್ತಾರೆ, ನಾಟಕ ಆಡುತ್ತಾರೆ. ಪುಟ್ಟ ಮಕ್ಕಳ ಕಡೆ ಇದರ ಉಲ್ಟಾ: ನೆಲದಲ್ಲಿ ಒಂದು ಚೌಕದ ಗುಂಡಿ, ಅದರ ತುಂಬ ಎತ್ತಿ ತೆಗೆಯಬಹುದಾದ ಮರದ ಪೀಠಗಳು. ಎರಡಕ್ಕೂ ಹೆಸರಿಲ್ಲ, ಟೈಮ್‌ಟೇಬಲ್ ಇಲ್ಲ.

ನಿಮ್ಮ ಕಾರಿಡಾರ್‌ನಲ್ಲಿ ಪ್ರತಿ ಬಾಗಿಲ ಪಕ್ಕ ಗೋಡೆಯನ್ನು ಸ್ವಲ್ಪ ಒಳಗೆ ತಳ್ಳಿ, ಇಬ್ಬರು ಮೂವರು ಕೂರುವಷ್ಟು ಕಟ್ಟೆ ಕೇಳಿ. ಬೆಂಕಿ ಬಿದ್ದಾಗ ಓಡುವ ದಾರಿ ಮಾತ್ರ ಕಿರಿದಾಗಬಾರದು.

ಹಿಂದಿನ ಬೆಂಚು:
ಆ ಗಾಜಿನ ಹಾಲ್ ಬಗ್ಗೆ ಹುಷಾರು. ನಾನು ಕಲಿಸಿದ ಒಂದು ಶಾಲೆಯಲ್ಲಿ ಅಂಥದ್ದೇ ಇತ್ತು, ಫೋಟೋದಲ್ಲಿ ಅರಮನೆ, ಒಳಗೆ ನಿಂತರೆ ಪಕ್ಕದವರ ಮಾತೇ ಕೇಳಿಸದು, ಬಿಡುವಿನ ಹೊತ್ತಲ್ಲಿ ಮಕ್ಕಳು ಕಿರುಚಿ ಮಾತಾಡಬೇಕು, ಒಬ್ಬರು ಕಿರುಚಿದರೆ ಉಳಿದವರು ಇನ್ನೂ ಜೋರು. ಕೊನೆಗೆ ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಕ್ಲಾಸ್‌ರೂಮಿನಲ್ಲಂತೂ ಇದು ಇನ್ನೂ ಮುಖ್ಯ. ಅಮೆರಿಕದ ಮಾನದಂಡದ ಪ್ರಕಾರ ಸಾಮಾನ್ಯ ಅಳತೆಯ ತರಗತಿಯಲ್ಲಿ ಸದ್ದು ಅಡಗಲು 0.6 ಸೆಕೆಂಡ್‌ಗಿಂತ ಜಾಸ್ತಿ ಹಿಡಿಯಬಾರದು. ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಗೊತ್ತಾಗುತ್ತೆ. ಸದ್ದು ಹೀರಿಕೊಳ್ಳಲು ಚಾವಣಿಗೆ ಏನು ಹಾಕುತ್ತಾರೆ ಅಂತ ಕೇಳಿ.

ಆಮೇಲೆ ಟಾಯ್ಲೆಟ್! ಕಾರಿಡಾರ್ ತುದಿಯ ಕತ್ತಲೆ ಮೂಲೆಗೆ ತಳ್ಳಬೇಡಿ, ಪುಂಡಾಟ ನಡೆಯುವುದೇ ಅಲ್ಲಿ. ಕೈ ತೊಳೆಯುವ ಜಾಗ ಹೊರಗೆ, ಎಲ್ಲರ ಕಣ್ಣಿಗೆ ಬೀಳುವ ಹಾಗಿರಲಿ.

ಗಾಲಿ:
ಮೆಟ್ಟಿಲನ್ನು ಎಲ್ಲರೂ ಹೊಗಳುತ್ತಿದ್ದೀರಿ. ನಾನು ಗಾಲಿಕುರ್ಚಿಯಲ್ಲಿ ಓದಿ ಬೆಳೆದವಳು. ಗೆಳತಿಯರು ಮೆಟ್ಟಿಲ ಮೇಲೆ, ನಾನು ಕೆಳಗೆ, ಕತ್ತು ಮೇಲೆತ್ತಿಕೊಂಡು. ಕುರ್ಚಿ ಏರುವ ಇಳಿಜಾರು ಅಂದರೆ 1:12, ಒಂದು ಮೀಟರ್ ಎತ್ತರಕ್ಕೆ ಹನ್ನೆರಡು ಮೀಟರ್ ಉದ್ದ. ಹದಿನೈದು ಸೆಂ.ಮೀ.ನ ನಾಲ್ಕು ಮೆಟ್ಟಿಲಿಗೆ 7.2 ಮೀಟರ್ ಉದ್ದ ಬೇಕು. ಕೊನೆಗೆ ನೆನಪಾಗಿ ತುರುಕಿದರೆ ಅದು ಕಟ್ಟಡದ ಹಿಂಬದಿಗೇ ಹೋಗುತ್ತೆ, ಅಲ್ವಾ? ಈಗಲೇ ನಕ್ಷೆಯಲ್ಲಿ ಬರೆಸಿ. ಆ ಇಳಿಜಾರು ಮೆಟ್ಟಿಲ ಪಕ್ಕದಲ್ಲೇ ಏರಲಿ, ಅರ್ಧದಲ್ಲಿ ಒಂದು ಸಮತಟ್ಟು ಜಾಗ ಇರಲಿ, ಅಲ್ಲಿ ಕುರ್ಚಿ ನಿಲ್ಲಿಸಿದರೆ ಪಕ್ಕದವಳ ಭುಜಕ್ಕೆ ಭುಜ ಬರಬೇಕು.

ಕರಣೆ:
@ಗಾಲಿ ಒಪ್ಪಿದೆ, ನಾನೇ ಹೇಳಬೇಕಿತ್ತು, ತಪ್ಪಾಯಿತು.

ಇನ್ನೊಂದು ಮಾತು. ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಹಳ್ಳಿಯ ಶಾಲೆ 2001ರಲ್ಲಿ ಮುಗಿಯಿತು. ಕಟ್ಟಿದ್ದು ಅದೇ ಊರಿನ ಫ್ರಾನ್ಸಿಸ್ ಕೆರೆ, 2022ರಲ್ಲಿ ಆರ್ಕಿಟೆಕ್ಟ್‌ಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂದವರು. ಮಣ್ಣಿನ ಇಟ್ಟಿಗೆಯ ಗೋಡೆ, ಚಾವಣಿಯಿಂದ ಮೇಲಕ್ಕೆತ್ತಿ ಕೂರಿಸಿದ ತಗಡಿನ ಮಾಡು, ನಡುವಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತೆ. ಊರವರೇ ದುಡಿದರು. ನಿಮ್ಮಲ್ಲಿ ಅಷ್ಟು ಆಗದಿರಬಹುದು, ಆದರೂ ಎಲ್ಲವನ್ನೂ ಮೊದಲ ದಿನವೇ ಮುಗಿಸಬೇಡಿ. ಹುಲ್ಲಿನ ಮೇಲೆ ಕಾಲುದಾರಿಗೆ ಕಲ್ಲು ಹಾಸುವ ಮೊದಲು ಒಂದು ವರ್ಷ ಕಾಯಿರಿ, ಮಕ್ಕಳು ನಡೆದು ನಡೆದು ದಾರಿ ತಾವೇ ತೋರಿಸುತ್ತಾರೆ.

ಲೆಕ್ಕದ ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಟೇಪ್ ಹಿಡಿದು ಹೋಗಿ ಅಳೆದೆ. ಒಂದೊಂದು ಮೆಟ್ಟಿಲು 16 ಸೆಂ.ಮೀ. ಅಂದರೆ ಇಳಿಜಾರು 7.68 ಮೀಟರ್, @ಗಾಲಿ. ಕೂತಿದ್ದ ಇಬ್ಬರು ಹುಡುಗಿಯರನ್ನು ಎಬ್ಬಿಸಬೇಕಾಯಿತು, ಯಾಕೆ ಇಲ್ಲೇ ಕೂರುತ್ತೀರಿ ಅಂತ ಕೇಳಿದೆ. "ಇಲ್ಲಿಂದ ಗೇಟೂ ಕಾಣುತ್ತೆ ಸಾರ್, ನೀವು ಹೊರಗೆ ಬರೋದೂ ಕಾಣುತ್ತೆ, ಡೌಟ್ ಇದ್ರೆ ಹಿಡ್ಕೋಬಹುದು" ಅಂದರು. ಹೊಸ ನಕ್ಷೆಯಲ್ಲಿ ಸ್ಟಾಫ್‌ರೂಮ್ ಎರಡನೇ ಮಹಡಿಯಲ್ಲಿದೆ. ಅದನ್ನು ಕೆಳಗೆ ಇಳಿಸೋಕೆ ಆಗುತ್ತಾ ಅಂತ ಆರ್ಕಿಟೆಕ್ಟ್‌ಗೆ ಈಗಷ್ಟೇ ಮೆಸೇಜ್ ಹಾಕಿದ್ದೇನೆ.