ಅಮ್ಮನಿಗೆ ನನ್ನ ಕಿಡ್ನಿ ಕೊಡಬೇಕು, ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದಿದೆ. ಏನು ಮಾಡಲಿ?

ಕೇಳಿದವರು, ಉಡುಪಿ: ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಮ್ಮಿಬ್ಬರ ಬ್ಲಡ್ ಗ್ರೂಪ್ ಒಂದೇ. ಆದರೂ ಕ್ರಾಸ್‌ಮ್ಯಾಚ್ ಪಾಸಿಟಿವ್, ಈಗ ಆಗುವುದಿಲ್ಲ ಅಂದರು. ಹೆತ್ತ ಮಗನದ್ದೇ ಹೊಂದುವುದಿಲ್ವಾ? ಅನುಭವ ಇದ್ದವರು ಹೇಳಿ.

ಸುರತ್ಕಲ್‌ನಿಂದ: ನಮ್ಮ ಅತ್ತೆಗೂ ಹೀಗೇ ಆಗಿತ್ತು. ಪಾಸಿಟಿವ್ ಅಂದ ಕೂಡಲೇ ಅವರು ಒಳ್ಳೆ ಸುದ್ದಿ ಅಂದುಕೊಂಡು ದೇವರಿಗೆ ಕೈ ಮುಗಿದರು. ಅಲ್ಲ ಅಂತ ಹೇಳುವಾಗ ನನ್ನ ಗಂಟಲು ಕಟ್ಟಿತ್ತು.

ನಿಮ್ಮ ಬಿಳಿ ರಕ್ತಕಣಗಳನ್ನು ಅಮ್ಮನ ಸೀರಮ್‌ಗೆ, ಅಂದರೆ ರಕ್ತದ ತಿಳಿ ದ್ರವಕ್ಕೆ, ಸೇರಿಸಿ ನೋಡುವ ಪರೀಕ್ಷೆ ಅದು. ಅಲ್ಲಿ ನಿಮ್ಮ ವಿರುದ್ಧ ಆಂಟಿಬಾಡಿ (ಹೊರಗಿನದನ್ನು ಎದುರಿಸಲು ದೇಹ ಮಾಡುವ ಪ್ರೋಟೀನ್) ಇದ್ದರೆ ಕಣಗಳಿಗೆ ಅಂಟಿಕೊಳ್ಳುತ್ತದೆ. ಅದು ಜಾಸ್ತಿ ಇದ್ದಾಗ ಕಿಡ್ನಿ ಜೋಡಿಸಿದರೆ ರಕ್ತನಾಳಗಳಿಗೇ ಪೆಟ್ಟು. ಕೆಲವು ಗಂಟೆಗಳಲ್ಲೇ ಕಿಡ್ನಿ ಹಾಳಾಗಬಹುದು.

ಹೆತ್ತದ್ದೇ ಇದಕ್ಕೆ ಕಾರಣ ಇರಬಹುದು. ನಿಮ್ಮ ಎಚ್‌ಎಲ್‌ಎ, ಅಂದರೆ ಜೀವಕೋಶಗಳ ಮೇಲಿನ ಗುರುತು, ಅರ್ಧ ಅಮ್ಮನದು, ಅರ್ಧ ಅಪ್ಪನದು. ಬಸುರಿಯಾಗಿದ್ದಾಗ ಅಪ್ಪನ ಆ ಅರ್ಧವನ್ನು ಅಮ್ಮನ ದೇಹ ಹೊರಗಿನದು ಅಂತ ಗುರುತಿಟ್ಟುಕೊಳ್ಳುತ್ತದೆ. ರಕ್ತ ಹಾಕಿಸಿಕೊಂಡಾಗಲೂ ಹಾಗೇ. ಅಮ್ಮನ ತಪ್ಪೂ ಅಲ್ಲ, ನಿಮ್ಮದೂ ಅಲ್ಲ.

ಡಿಎಸ್‌ಎ ಪರೀಕ್ಷೆ (ದಾನಿಯ ವಿರುದ್ಧದ ಆಂಟಿಬಾಡಿ ಹುಡುಕುವುದು) ಆಗಿದೆಯಾ ಕೇಳಿ. ಯಾವ ಆಂಟಿಬಾಡಿ, ಎಷ್ಟು ಬಲ ಅಂತ ಅದರಲ್ಲಿ ತಿಳಿಯುತ್ತದೆ. ಕಡಿಮೆ ಇದ್ದರೆ ಪ್ಲಾಸ್ಮಾ ಬದಲಿಸಿ, ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಯ ಡ್ರಿಪ್) ಕೊಟ್ಟು ಇಳಿಸಲು ನೋಡುತ್ತಾರೆ. ಅತ್ತೆಗೆ ತುಂಬಾ ಜಾಸ್ತಿ ಇತ್ತು. ನಮಗೆ ಸ್ವಾಪ್, ಅಂದರೆ ದಾನಿಗಳ ಅದಲುಬದಲು, ಕೈಹಿಡಿಯಿತು. ನನ್ನ ಗಂಡನ ಕಿಡ್ನಿ ಇನ್ನೊಂದು ಮನೆಯವರಿಗೆ, ಅವರ ಮನೆಯದ್ದು ಅತ್ತೆಗೆ. 2011ರ ತಿದ್ದುಪಡಿಯಿಂದ ಕಾನೂನಿನಲ್ಲೇ ಇದಕ್ಕೆ ಅವಕಾಶ ಇದೆ. ಜೊತೆಗೆ ಮೃತ ದಾನಿಯ ಕಿಡ್ನಿಗಾಗಿ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲೂ ಹೆಸರು ಬರೆಸಿಡಿ.

ಕಾರ್ಕಳದಿಂದ: ಆಪರೇಷನ್‌ಗೆ ಮೊದಲು ಇಲ್ಲದ ಆಂಟಿಬಾಡಿ ಆಮೇಲೂ ಹುಟ್ಟಬಹುದು. ನನಗೆ ಕಿಡ್ನಿ ಹಾಕಿಸಿಕೊಂಡ ನಾಲ್ಕನೇ ವರ್ಷ ಹುಟ್ಟಿತು. ಆರಾಮಾಗಿದ್ದೇನೆ ಅಂತ ಟ್ಯಾಕ್ರೋಲಿಮಸ್ (ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಮಾತ್ರೆ) ಆಗಾಗ ತಪ್ಪಿಸುತ್ತಿದ್ದೆ. ನೋವಿಲ್ಲ, ಜ್ವರ ಇಲ್ಲ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮಾತ್ರ 1.2 ಇದ್ದದ್ದು 1.9 ಆಗಿತ್ತು. ಬಯಾಪ್ಸಿಯಲ್ಲಿ ಸಿ4ಡಿ ಪಾಸಿಟಿವ್, ಅಂದರೆ ಆಂಟಿಬಾಡಿ ಕಿಡ್ನಿಯನ್ನು ಮುಟ್ಟಿಯಾಗಿದೆ. ಚಿಕಿತ್ಸೆ ಆಯಿತು. ಈಗ 1.6ರಲ್ಲಿ ನಿಂತಿದೆ, ಹಿಂದಿನ 1.2 ಮತ್ತೆ ಬರಲಿಲ್ಲ. ಈಗ ಬೆಳಿಗ್ಗೆ ಎಂಟು, ರಾತ್ರಿ ಎಂಟು ಅಲಾರಾಂ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಎದ್ದು ಹೋಗಿ ನುಂಗಿ ಬರುತ್ತೇನೆ. ಹಿತ್ತಲಿನ ಚಕ್ಕೋತವನ್ನೂ ಬಿಟ್ಟೆ, ಅದು ಮದ್ದಿನ ಮಟ್ಟ ಏರಿಸುತ್ತದೆ.

ಮತ್ತೆ ಸುರತ್ಕಲ್‌ನಿಂದ: ಒಂದು ಬಿಟ್ಟುಹೋಯಿತು. ಅಮ್ಮನಿಗೆ ಹಿಮೋಗ್ಲೋಬಿನ್ ಇಳಿದರೆ ಇಂಜೆಕ್ಷನ್‌ನಲ್ಲೇ ಏರಿಸಲು ಆಗುತ್ತದಾ ಅಂತ ಮೊದಲು ಕೇಳಿ. ತೀರಾ ಅಗತ್ಯ ಬಿದ್ದರೆ ಮಾತ್ರ ರಕ್ತ, ಅದರಿಂದಲೂ ಆಂಟಿಬಾಡಿ ಹುಟ್ಟಬಹುದಲ್ಲ.